ಹಳೆಯ ವಿದ್ಯಾರ್ಥಿಗಳಿಂದ ದೇಣಿಗೆ: ಕೇಳುವುದಕ್ಕೆ ಮೊದಲು ಮಾಡಬೇಕಾದ ಕೆಲಸ

ಪ್ರಶ್ನೆ: ನಾನು ಒಂದು ಸಾರ್ವಜನಿಕ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕ. ಬೋಧನೆಯ ಜೊತೆಗೆ ಹಳೆಯ ವಿದ್ಯಾರ್ಥಿಗಳ ಕಚೇರಿಯ ಹೊಣೆಯನ್ನೂ ಈಚೆಗೆ ನನಗೆ ವಹಿಸಿದ್ದಾರೆ. ಇನ್ನೆರಡು ವರ್ಷಕ್ಕೆ ವಿಶ್ವವಿದ್ಯಾಲಯಕ್ಕೆ ಐವತ್ತು ತುಂಬುತ್ತದೆ; ಆ ಹೊತ್ತಿಗೆ ದೊಡ್ಡದೊಂದು ನಿಧಿ ಕೂಡಿಸಬೇಕೆಂಬುದು ಕುಲಪತಿಗಳ ಅಪೇಕ್ಷೆ. ನಮ್ಮ ಕೈಯಲ್ಲಿರುವುದು ಸುಮಾರು ನಲವತ್ತು ಸಾವಿರ ಹೆಸರುಗಳ ಪಟ್ಟಿ. ವಿಳಾಸಗಳು ಬಹುಪಾಲು ಹಳೆಯವು. ಎಲ್ಲರಿಗೂ ಮನವಿ ಪತ್ರ ಕಳುಹಿಸಿ ಅಭಿಯಾನ ಆರಂಭಿಸುವುದು ಸರಿಯೇ? ಗುರಿ ಎಷ್ಟಿರಬೇಕು? ಸಂಗ್ರಹವಾದ ಹಣದಲ್ಲಿ ಶೇಕಡಾವಾರು ಪಾಲು ಪಡೆದು ಕೆಲಸ ಮಾಡಿಕೊಡುವುದಾಗಿ ಒಂದು ಸಂಸ್ಥೆ ಮುಂದೆ ಬಂದಿದೆ, ಅದನ್ನು ಒಪ್ಪಬಹುದೇ?

ಉತ್ತರ: ಎಲ್ಲರಿಗೂ ಮನವಿ ಪತ್ರ ಕಳುಹಿಸುವ ಯೋಚನೆಯನ್ನು ಸದ್ಯಕ್ಕೆ ಬದಿಗಿಡಿ. ಪದವಿ ಪತ್ರ ಕೈಗಿತ್ತ ಮೇಲೆ ಇಪ್ಪತ್ತು ವರ್ಷ ಒಂದು ಮಾತೂ ಆಡದಿದ್ದ ಸಂಸ್ಥೆ ಬರೆದ ಮೊದಲ ಪತ್ರದಲ್ಲೇ ಬ್ಯಾಂಕ್ ಖಾತೆಯ ಸಂಖ್ಯೆ ಇದ್ದರೆ, ತಮ್ಮ ನೆನಪು ಈಗೇಕೆ ಬಂತೆಂಬುದನ್ನು ಓದಿದವರಿಗೆ ಬಿಡಿಸಿ ಹೇಳಬೇಕಾಗುವುದಿಲ್ಲ. ಅಂಥ ಪತ್ರಕ್ಕೆ ಬರುವ ಹಣ ಅಂಚೆವೆಚ್ಚವನ್ನು ಮೀರಿದರೆ ಅದೇ ಹೆಚ್ಚು. ಕಣ್ಣಿಗೆ ಬೀಳದ ನಷ್ಟ ಇನ್ನೊಂದಿದೆ: ಪರಿಚಯ ಬೆಳೆಸಿಕೊಂಡು ಸರಿಯಾದ ಸಮಯದಲ್ಲಿ ಕೇಳಿದ್ದರೆ ದೊಡ್ಡ ಮೊತ್ತವನ್ನೇ ಕೊಡಬಹುದಾಗಿದ್ದವರು ಈಗ ಚಿಕ್ಕದೊಂದು ಮೊತ್ತ ಕಳುಹಿಸಿ ಕೈತೊಳೆದುಕೊಳ್ಳುತ್ತಾರೆ, ಮತ್ತು ಮುಂದಿನ ಐದಾರು ವರ್ಷ ತಾವು ಕೊಟ್ಟಾಗಿದೆ ಎಂದೇ ಭಾವಿಸಿರುತ್ತಾರೆ.

ಮೊದಲು ನಿರೀಕ್ಷೆಯನ್ನು ವಾಸ್ತವಕ್ಕೆ ಹತ್ತಿರ ತರೋಣ. ಈ ಪದ್ಧತಿ ಅತ್ಯಂತ ಆಳವಾಗಿ ಬೇರೂರಿರುವ ದೇಶ ಅಮೆರಿಕ. ಅಲ್ಲಿಯೂ ಸಂಪರ್ಕ ವಿಳಾಸ ಗೊತ್ತಿರುವ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ವರ್ಷದಲ್ಲಿ ದೇಣಿಗೆ ಕೊಡುವವರು ಸರಾಸರಿ ನೂರಕ್ಕೆ ಹತ್ತಕ್ಕಿಂತ ಕಡಿಮೆ, ಮತ್ತು ಈ ಪ್ರಮಾಣ ದಶಕಗಳಿಂದ ಇಳಿಯುತ್ತಲೇ ಬಂದಿದೆ. 2023ರ ಆರ್ಥಿಕ ವರ್ಷದಲ್ಲಿ ಅಲ್ಲಿನ ಕಾಲೇಜು, ವಿಶ್ವವಿದ್ಯಾಲಯಗಳಿಗೆ ಸುಮಾರು 58 ಶತಕೋಟಿ ಡಾಲರ್ ದೇಣಿಗೆ ಬಂದಿತಾದರೂ ಅದರಲ್ಲಿ ಹಳೆಯ ವಿದ್ಯಾರ್ಥಿಗಳ ಪಾಲು ಐದನೇ ಒಂದರಷ್ಟು ಮಾತ್ರ. ಅವರಿಗಿಂತ ಹೆಚ್ಚು ಕೊಟ್ಟದ್ದು ದತ್ತಿ ಪ್ರತಿಷ್ಠಾನಗಳು. ಮೊದಲ ಸಲ ಕೇಳಹೊರಟಿರುವ ನಿಮ್ಮ ಸಂಸ್ಥೆಗೆ ನೂರಕ್ಕೆ ಒಬ್ಬಿಬ್ಬರು ಓಗೊಟ್ಟರೂ ಅದು ಕಳಪೆ ಫಲಿತಾಂಶವಲ್ಲ. ಕುಲಪತಿಗಳಿಗೆ ಇದನ್ನು ಈಗಲೇ ತಿಳಿಸಿಬಿಡುವುದು ಒಳ್ಳೆಯದು. ಎರಡು ವರ್ಷದ ನಂತರ ವಿವರಣೆಯಾಗಿ ಹೇಳಿದರೆ ಅದು ನೆಪದಂತೆ ಕೇಳುತ್ತದೆ.

ದೊಡ್ಡ ದಾನಿಗಳು ನಿಮ್ಮ ಪಟ್ಟಿಯಲ್ಲಿಯೇ ಇರಬೇಕೆಂಬ ನಿಯಮವೂ ಇಲ್ಲ. ಕೊಡಾಕ್ ಕಂಪನಿಯ ಜಾರ್ಜ್ ಈಸ್ಟ್‌ಮನ್ ಯಾವ ಕಾಲೇಜಿನಲ್ಲಿಯೂ ಓದಿದವರಲ್ಲ. ಆದರೆ ಅವರ ಕಾರ್ಖಾನೆಯ ಅತ್ಯುತ್ತಮ ಎಂಜಿನಿಯರುಗಳಲ್ಲಿ ಹಲವರು ಮೆಸಾಚುಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಿಂದ ಬಂದವರು. ಅದನ್ನು ಕಂಡಿದ್ದ ಈಸ್ಟ್‌ಮನ್ 1912ರಲ್ಲಿ ಆ ಸಂಸ್ಥೆಯ ಹೊಸ ಆವರಣಕ್ಕೆ 25 ಲಕ್ಷ ಡಾಲರ್ ಕೊಟ್ಟರು, ತಮ್ಮ ಹೆಸರು ಎಲ್ಲಿಯೂ ಬರಬಾರದೆಂಬ ಷರತ್ತಿನ ಮೇಲೆ. 1920ರವರೆಗೂ ದಾನಿಯನ್ನು ಜನ ‘ಮಿಸ್ಟರ್ ಸ್ಮಿತ್’ ಎಂದಷ್ಟೇ ಬಲ್ಲರು. ನಿಮ್ಮ ಪದವೀಧರರನ್ನು ವರ್ಷವರ್ಷವೂ ಕೆಲಸಕ್ಕೆ ತೆಗೆದುಕೊಳ್ಳುತ್ತಿರುವವರು ಯಾರು ಎಂಬ ಪಟ್ಟಿ ಉದ್ಯೋಗ ಮಾರ್ಗದರ್ಶನ ವಿಭಾಗದಲ್ಲಿ ಇದ್ದೇ ಇರುತ್ತದೆ. ಅದನ್ನು ತರಿಸಿಕೊಂಡು ಓದಿ.

ಇನ್ನು ನಲವತ್ತು ಸಾವಿರ ಹೆಸರುಗಳ ವಿಷಯ. ನನ್ನ ದೃಷ್ಟಿಯಲ್ಲಿ ನಿಮ್ಮ ಮೊದಲ ವರ್ಷದ ಮುಖ್ಯ ಕೆಲಸ ಇದೇ, ಮತ್ತು ಇದಕ್ಕೆ ಬೇಕಾದದ್ದು ದುಬಾರಿ ಸಾಫ್ಟ್‌ವೇರ್‌ಗಿಂತ ಹೆಚ್ಚಾಗಿ ಪೂರ್ಣಾವಧಿಯ ಒಬ್ಬ ಗುಮಾಸ್ತ. ಒಬ್ಬ ವ್ಯಕ್ತಿಯ ದಾಖಲೆ ಎಂದರೆ ಹೆಸರು, ಪದವಿ, ವರ್ಷ, ಮಿಂಚಂಚೆ ಇಷ್ಟೇ ಅಲ್ಲ. ವಿಳಾಸವನ್ನು ಕೊನೆಯ ಬಾರಿ ಪರಿಶೀಲಿಸಿದ ದಿನಾಂಕ, ಪರಿಶೀಲಿಸಿದವರ ಹೆಸರು, ಯಾವ ಹಾಸ್ಟೆಲ್‌ನಲ್ಲಿದ್ದರು, ಯಾರ ಮಾರ್ಗದರ್ಶನದಲ್ಲಿ ಪ್ರಬಂಧ ಬರೆದರು, ಶಿಷ್ಯವೇತನ ಪಡೆದಿದ್ದರೇ, ಆಮೇಲೆ ಸಂಸ್ಥೆಯೊಂದಿಗೆ ಯಾವ ಯಾವ ಸಂದರ್ಭದಲ್ಲಿ ವ್ಯವಹರಿಸಿದರು ಎಂಬುದೆಲ್ಲ ಕಾಲಕ್ರಮದಲ್ಲಿ ಇರಬೇಕು. ‘ವಿಭಾಗದ ಬೆಳ್ಳಿಹಬ್ಬಕ್ಕೆ ಬಂದಿದ್ದರು, ಮೂರು ವರ್ಷದ ನಂತರ ಅಂಕಪಟ್ಟಿಯ ನಕಲಿಗೆ ಅರ್ಜಿ ಹಾಕಿ ನಾಲ್ಕು ತಿಂಗಳು ಅಲೆದರು’ ಎಂಬ ಎರಡು ಸಾಲು ದಾಖಲೆಯಲ್ಲಿದ್ದರೆ, ಅವರಿಗೆ ಮನವಿ ಪತ್ರ ಕಳುಹಿಸುವ ಮೊದಲು ನೀವು ಖಂಡಿತ ಒಮ್ಮೆ ಯೋಚಿಸುತ್ತೀರಿ.

ಅಂಕಪಟ್ಟಿಯ ಮಾತನ್ನು ಸುಮ್ಮನೆ ಎತ್ತಲಿಲ್ಲ. ಪದವಿ ಮುಗಿಸಿ ಹೋದವರು ವಿಶ್ವವಿದ್ಯಾಲಯದ ಕಡೆಗೆ ತಾವಾಗಿಯೇ ಮರಳಿ ಬರುವ ಸಂದರ್ಭ ಬಹುಮಟ್ಟಿಗೆ ಒಂದೇ: ಉನ್ನತ ವ್ಯಾಸಂಗಕ್ಕೋ ಹೊಸ ಉದ್ಯೋಗಕ್ಕೋ ದಾಖಲೆಗಳ ದೃಢೀಕೃತ ಪ್ರತಿ ಬೇಕಾದಾಗ. ಆ ದಿನ ಅವರನ್ನು ಎದುರುಗೊಳ್ಳುವುದು ನಿಮ್ಮ ಕಚೇರಿಯಲ್ಲ, ಪರೀಕ್ಷಾ ವಿಭಾಗದ ಕಿಟಕಿ. ಅಲ್ಲಿ ‘ನಾಳೆ ಬನ್ನಿ’ ಎಂದು ಮೂರು ಸಲ ಹೇಳಿಸಿಕೊಂಡವರ ಮನಸ್ಸನ್ನು ಸುವರ್ಣ ಮಹೋತ್ಸವದ ಆಹ್ವಾನ ಪತ್ರಿಕೆ ತಿರುಗಿಸಲಾರದು. ಕುಲಸಚಿವರೊಂದಿಗೆ ಕುಳಿತು ಈ ಒಂದು ಸೇವೆಯನ್ನು ಚುರುಕುಗೊಳಿಸಿ: ಅರ್ಜಿಯ ಸ್ಥಿತಿ ದೂರದಿಂದಲೇ ತಿಳಿಯುವಂತಾಗಲಿ, ನಿಗದಿತ ದಿನದೊಳಗೆ ಪ್ರತಿ ಕೈಸೇರಲಿ, ತಡವಾದರೆ ಕಾರಣ ಹೇಳಿ ಕರೆ ಹೋಗಲಿ. ಆ ಅರ್ಜಿಯ ಮೂಲಕ ಅವರ ಇಂದಿನ ವಿಳಾಸ, ದೂರವಾಣಿ, ಉದ್ಯೋಗ ಎಲ್ಲವೂ ಅವರೇ ಬರೆದುಕೊಟ್ಟದ್ದಾಗಿ ನಿಮಗೆ ಸಿಗುತ್ತದೆ. ಅರ್ಜಿಯಲ್ಲಿಯೇ ‘ವಿಶ್ವವಿದ್ಯಾಲಯ ನನ್ನನ್ನು ಸಂಪರ್ಕಿಸಬಹುದು’ ಎಂಬ ಒಪ್ಪಿಗೆಯ ಚೌಕವೊಂದನ್ನು ಸೇರಿಸಿದರೆ ಸಾಕು. ಹಳೆಯ ವಿದ್ಯಾರ್ಥಿಗಳ ಒಲವು ಗಳಿಸಲು ಸಮಾವೇಶ, ಭೋಜನಕೂಟಗಳಿಗೆ ಖರ್ಚು ಮಾಡುವ ಹಣದ ಅರ್ಧದಷ್ಟನ್ನು ಈ ಕಿಟಕಿಗೆ ಖರ್ಚು ಮಾಡಿದರೆ ಫಲ ಹೆಚ್ಚೆಂಬುದು ನನ್ನ ದೃಢ ಅಭಿಪ್ರಾಯ, ಸಮಾವೇಶಗಳ ಆಯೋಜಕರಿಗೆ ಇದು ರುಚಿಸದಿದ್ದರೂ.

ಒಪ್ಪಿಗೆಯ ಆ ಚೌಕವನ್ನು ಲಘುವಾಗಿ ಎಣಿಸಬೇಡಿ. ದಾನಿಗಳ ವಿವರಗಳನ್ನು ಅವರಿಗೆ ತಿಳಿಸದೆಯೇ ಹೊರಗಿನ ಕಂಪನಿಗಳಿಗೆ ಕೊಟ್ಟು ಯಾರ ಬಳಿ ಎಷ್ಟು ಆಸ್ತಿಯಿದೆಯೆಂದು ಅಳೆಯಿಸಿದ ಕಾರಣಕ್ಕೆ ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ 2016ರ ಡಿಸೆಂಬರಿನಲ್ಲಿ ಎರಡು ದೊಡ್ಡ ದತ್ತಿ ಸಂಸ್ಥೆಗಳಿಗೂ, 2017ರಲ್ಲಿ ಇನ್ನೂ ಹನ್ನೊಂದಕ್ಕೂ ದಂಡ ಹಾಕಿತು. ನಿಮ್ಮ ದೇಶದ ಕಾನೂನು ಏನೇ ಹೇಳಲಿ, ತಮ್ಮ ಬೆನ್ನ ಹಿಂದೆ ಲೆಕ್ಕ ಹಾಕಲಾಗಿದೆಯೆಂದು ತಿಳಿದವರು ಮತ್ತೆ ಕೊಡುವುದು ಕಷ್ಟ.

ಎರಡನೆಯ ಕೆಲಸ, ಈವರೆಗೆ ಬಂದ ದೇಣಿಗೆಗಳ ಲೆಕ್ಕ ಹುಡುಕುವುದು. ಐವತ್ತು ವರ್ಷದ ಸಂಸ್ಥೆಗೆ ದೇಣಿಗೆಯೇ ಬಂದಿಲ್ಲ ಎಂಬುದು ಸುಳ್ಳು. ಯಾರೋ ತಂದೆಯ ಹೆಸರಿನಲ್ಲಿ ಚಿನ್ನದ ಪದಕ ಸ್ಥಾಪಿಸಿರುತ್ತಾರೆ, ಯಾವುದೋ ಬ್ಯಾಚು ಕೂಡಿ ಶಿಷ್ಯವೇತನಕ್ಕೆ ದತ್ತಿನಿಧಿ ಇಟ್ಟಿರುತ್ತದೆ, ನಿವೃತ್ತ ಪ್ರಾಧ್ಯಾಪಕರೊಬ್ಬರು ಉಪನ್ಯಾಸ ಮಾಲೆಗೆ ಹಣ ಕೊಟ್ಟಿರುತ್ತಾರೆ. ಹಣಕಾಸು ವಿಭಾಗದ ದತ್ತಿ ವಹಿಯನ್ನು ತೆರೆದು ಒಂದೊಂದಾಗಿ ನೋಡಿ. ಮೂವತ್ತು ವರ್ಷದ ಹಿಂದಿನ ಮೂಲಧನದ ಬಡ್ಡಿ ಇಂದು ಪದಕದ ಲೇಪಕ್ಕೂ ಸಾಲದು. ಉಪನ್ಯಾಸ ಮಾಲೆ ಎಂದೋ ನಿಂತಿದೆ. ಶಿಷ್ಯವೇತನಕ್ಕೆ ಅರ್ಜಿ ಕರೆಯುವುದನ್ನೇ ಮರೆತಿದ್ದಾರೆ, ಬಡ್ಡಿ ಖಾತೆಯಲ್ಲಿ ಬೆಳೆಯುತ್ತಿದೆ. ಇವು ನಾನು ಹಲವು ಸಂಸ್ಥೆಗಳ ವಹಿಗಳಲ್ಲಿ ಕಂಡ ಸಂಗತಿಗಳೇ ಹೊರತು ಊಹೆಯಲ್ಲ. ಪ್ರತಿಯೊಂದು ದತ್ತಿಯ ದಾನಿಗೂ, ಅವರಿಲ್ಲದಿದ್ದರೆ ಕುಟುಂಬದವರಿಗೂ ಒಂದು ಪತ್ರ ಬರೆಯಿರಿ. ಅದರಲ್ಲಿ ಹಣದ ಮನವಿ ಬೇಡ.

ಆ ಪತ್ರ ಹೇಗಿರಬೇಕೆಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇಲ್ಲಿಯೇ ಹೆಚ್ಚಿನ ಕಚೇರಿಗಳು ಎಡವುತ್ತವೆ. ‘ತಮ್ಮ ಉದಾರ ಕೊಡುಗೆಗೆ ವಿಶ್ವವಿದ್ಯಾಲಯ ಚಿರಋಣಿ’ ಎಂಬ ಸಾಲನ್ನು ಯಾರೂ ಎರಡನೆಯ ಸಲ ಓದುವುದಿಲ್ಲ. ಮೊದಲ ಸಾಲಿನಲ್ಲಿಯೇ ದತ್ತಿಯ ಹೆಸರು, ಸ್ಥಾಪನೆಯಾದ ವರ್ಷ, ಅಂದಿನ ಮೊತ್ತ, ಇಂದಿನ ಮೊತ್ತ, ಕಳೆದ ವರ್ಷ ಬಂದ ಆದಾಯ, ಅದರಲ್ಲಿ ಖರ್ಚಾದದ್ದು ಇವು ಅಂಕಿಗಳಲ್ಲಿ ಇರಲಿ. ಎರಡನೆಯ ಪರಿಚ್ಛೇದದಲ್ಲಿ ಶಿಷ್ಯವೇತನ ಪಡೆದ ವಿದ್ಯಾರ್ಥಿ ಏನು ಓದುತ್ತಿದ್ದಾಳೆ, ಆ ಹಣ ಯಾವುದಕ್ಕೆ ಒದಗಿತು ಎಂಬುದು ಅವಳ ಒಪ್ಪಿಗೆಯೊಂದಿಗೆ, ಸಾಧ್ಯವಾದರೆ ಅವಳ ಕೈಬರಹದಲ್ಲಿಯೇ ಬರಲಿ. ಲೋಪವಾಗಿದ್ದರೆ ಅದನ್ನೂ ಬರೆಯಬೇಕು: ‘ಎರಡು ವರ್ಷ ಈ ಶಿಷ್ಯವೇತನ ಕೊಡಲಾಗಿಲ್ಲ, ಕಾರಣ ಹೀಗಿದೆ, ಈ ವರ್ಷ ಬಾಕಿ ಆದಾಯವನ್ನೂ ಸೇರಿಸಿ ಮೂವರಿಗೆ ಕೊಡಲಾಗುವುದು.’ ಲೋಪ ಒಪ್ಪಿಕೊಂಡರೆ ದಾನಿ ಸಿಟ್ಟಾದಾರೆಂದು ಹಣಕಾಸು ಅಧಿಕಾರಿಗಳು ಹೆದರುತ್ತಾರೆ. ಆದರೆ ಸಿಟ್ಟಾಗಬೇಕಾದ ಕಾರಣ ಆಗಲೇ ಇದೆ. ಪತ್ರ ಬಂದ ಮೇಲೆ ಕೇಳುವವರೊಬ್ಬರು ಇದ್ದಾರೆಂದಾದರೂ ತಿಳಿಯುತ್ತದೆ.

ಕೃತಜ್ಞತೆಯ ಬಾಯಿಮಾತಿಗೂ ಇಂಥ ಲೆಕ್ಕಕ್ಕೂ ಇರುವ ಅಂತರವನ್ನು ಸಂಶೋಧನೆಯೂ ಒಂದು ಮಟ್ಟಿಗೆ ಸೂಚಿಸುತ್ತದೆ. ಅಮೆರಿಕದ ಸಾರ್ವಜನಿಕ ದೂರದರ್ಶನ ಕೇಂದ್ರಗಳ ಐದು ಲಕ್ಷಕ್ಕೂ ಹೆಚ್ಚು ದಾನಿಗಳ ನಡುವೆ ವರ್ಷಗಳ ಕಾಲ ನಡೆದ ಒಂದು ಪ್ರಯೋಗದಲ್ಲಿ, ಧನ್ಯವಾದ ಹೇಳಲು ಮಾಡಿದ ಫೋನ್ ಕರೆಗಳಿಂದ ಮುಂದಿನ ವರ್ಷದ ದೇಣಿಗೆ ಏರಲೇ ಇಲ್ಲ. ಇನ್ನೊಂದು ಕಡೆ, 2007ರಲ್ಲಿ ಪ್ರಕಟವಾದ, ಮನಶ್ಶಾಸ್ತ್ರಜ್ಞ ಆಡಂ ಗ್ರಾಂಟ್ ಮತ್ತು ಸಂಗಡಿಗರ ಅಧ್ಯಯನವಿದೆ. ಹಳೆಯ ವಿದ್ಯಾರ್ಥಿಗಳಿಗೆ ಕರೆ ಮಾಡಿ ದೇಣಿಗೆ ಕೇಳುವ ಕೆಲಸದಲ್ಲಿದ್ದವರಿಗೆ, ಆ ಹಣದಿಂದ ಶಿಷ್ಯವೇತನ ಪಡೆದ ಒಬ್ಬ ವಿದ್ಯಾರ್ಥಿಯೊಂದಿಗೆ ಐದೇ ನಿಮಿಷ ಮಾತನಾಡಿಸಿದರು. ಒಂದು ತಿಂಗಳ ನಂತರ ನೋಡಿದರೆ ಅವರು ಫೋನಿನಲ್ಲಿ ಕಳೆದ ಸಮಯ ಶೇ. 142ರಷ್ಟು, ತಂದ ಹಣ ಶೇ. 171ರಷ್ಟು ಹೆಚ್ಚಿತ್ತು. ಹಣ ಎಲ್ಲಿಗೆ ಹೋಯಿತೆಂದು ಕಣ್ಣಾರೆ ಕಂಡವರು ಬೇರೆ ರೀತಿಯಲ್ಲಿ ಕೇಳುತ್ತಾರೆ. ನಿಮ್ಮ ಕಚೇರಿಯ ಸಿಬ್ಬಂದಿಯನ್ನೂ ಹಳೆಯ ವಿದ್ಯಾರ್ಥಿಗಳ ಸಂಘದ ಪದಾಧಿಕಾರಿಗಳನ್ನೂ ವರ್ಷಕ್ಕೊಮ್ಮೆಯಾದರೂ ಶಿಷ್ಯವೇತನ ಪಡೆದವರ ಎದುರು ಕೂರಿಸಿ.

ಇಷ್ಟಾದ ಮೇಲೆ ಕೇಳುವವರು ಯಾರು ಎಂಬ ಪ್ರಶ್ನೆ. ಇದಕ್ಕೆ ಉತ್ತರ ಹಳೆಯದು. 1821ರಲ್ಲಿ ಅಮೆರಿಕದ ವಿಲಿಯಮ್ಸ್ ಕಾಲೇಜಿನ ಅಧ್ಯಕ್ಷರೇ ಕೆಲವು ವಿದ್ಯಾರ್ಥಿಗಳನ್ನು ಕರೆದುಕೊಂಡು ಹೊಸದೊಂದು ಕಾಲೇಜು ಕಟ್ಟಲು ಹೊರಟುಹೋದಾಗ, ಹಳೆಯದು ಮುಚ್ಚಿಹೋಗುವ ಭಯದಲ್ಲಿ ಅಲ್ಲಿ ಓದಿದವರು ಒಟ್ಟುಗೂಡಿ ಸಂಘ ಕಟ್ಟಿದರು. ಇಂಥ ಸಂಘಗಳಲ್ಲಿ ಅತ್ಯಂತ ಹಳೆಯದೆಂದು ಅದನ್ನೇ ಹೇಳುತ್ತಾರೆ. 1890ರಲ್ಲಿ ಯೇಲ್ ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿಗಳು ವರ್ಷವರ್ಷವೂ ಸಣ್ಣ ಮೊತ್ತ ಕೂಡಿಸುವ ನಿಧಿಯನ್ನು ಆರಂಭಿಸಿದರು. ಈ ಪರಂಪರೆಯಲ್ಲಿ ಬೆಳೆದು ಬಂದ ಕ್ರಮವೆಂದರೆ ಪ್ರತಿ ಬ್ಯಾಚಿಗೂ ಒಬ್ಬ ಪ್ರತಿನಿಧಿ, ತನ್ನ ಸಹಪಾಠಿಗಳಿಗೆ ತಾನೇ ಬರೆಯುವುದು. ಹಳೆಯ ವಿದ್ಯಾರ್ಥಿಗಳ ದೇಣಿಗೆಯನ್ನು ಬಹುಕಾಲ ಅಭ್ಯಸಿಸಿದ ಅರ್ಥಶಾಸ್ತ್ರಜ್ಞ ಜೊನಾಥನ್ ಮೀರ್ ಕಂಡುಕೊಂಡದ್ದೂ ಇದನ್ನೇ: ಕೇಳಿದವರು ಹಿಂದಿನ ಕೋಣೆಯ ಜೊತೆಗಾರರಾಗಿದ್ದರೆ ಕೊಡುವ ಸಂಭವವೂ ಹೆಚ್ಚು, ಮೊತ್ತವೂ ಹೆಚ್ಚು. ಕುಲಪತಿಗಳ ಸಹಿಯಿರುವ ನಲವತ್ತು ಸಾವಿರ ಪತ್ರಗಳಿಗಿಂತ, ತಮ್ಮ ತಮ್ಮ ಬ್ಯಾಚಿನ ಮೂವತ್ತು ಜನಕ್ಕೆ ಬರೆಯಬಲ್ಲ ಐವತ್ತು ಪ್ರತಿನಿಧಿಗಳು ಮೇಲು. ಪ್ರತಿನಿಧಿ ಮೊದಲು ತಾನು ಕೊಟ್ಟಿರಬೇಕು, ಎಷ್ಟೇ ಚಿಕ್ಕ ಮೊತ್ತವಾಗಿರಲಿ. ಕೊಡದವರು ಕೇಳಲು ಹೊರಟರೆ ದನಿಯಲ್ಲಿಯೇ ಗೊತ್ತಾಗುತ್ತದೆ.

ಹಣವಲ್ಲದೆ ಬೇರೇನನ್ನು ಕೇಳಬಹುದೆಂದರೆ, ಹೆಚ್ಚಿನವರು ಕೊಡಲು ಕಾತರರಾಗಿರುವುದು ಅದನ್ನೇ: ಅಂತಿಮ ವರ್ಷದವರಿಗೆ ಮಾದರಿ ಸಂದರ್ಶನ, ಪಠ್ಯಕ್ರಮದ ಬಗ್ಗೆ ಅಭಿಪ್ರಾಯ, ತಮ್ಮ ಕಂಪನಿಯಲ್ಲಿ ಎರಡು ತಿಂಗಳ ತರಬೇತಿ, ಹೊಸ ನಗರಕ್ಕೆ ಬಂದ ಕಿರಿಯರಿಗೆ ಒಂದಿಷ್ಟು ದಾರಿ ತೋರಿಸುವುದು. ಇವನ್ನು ಮುಂದೆ ಹಣ ಕೇಳಲು ಹಾಕುವ ಪೀಠಿಕೆ ಎಂದು ಮಾತ್ರ ತಿಳಿದರೆ ಜನ ಬೇಗ ಗ್ರಹಿಸುತ್ತಾರೆ. ಪಠ್ಯಕ್ರಮದ ಬಗ್ಗೆ ಅಭಿಪ್ರಾಯ ಕೇಳಿದಿರಾದರೆ ಅಧ್ಯಯನ ಮಂಡಳಿ ಅದರಲ್ಲಿ ಯಾವುದನ್ನು ಒಪ್ಪಿತು, ಯಾವುದನ್ನು ಬಿಟ್ಟಿತು ಎಂದು ಮರಳಿ ತಿಳಿಸಬೇಕು.

ಹೊಸದಾಗಿ ಪದವಿ ಪಡೆದವರನ್ನು ‘ಇವರ ಬಳಿ ಏನಿದೆ’ ಎಂದು ಬಿಟ್ಟುಬಿಡುವುದು ಎಲ್ಲ ಕಡೆಯೂ ಕಾಣುವ ಅಭ್ಯಾಸ. ಅಮೆರಿಕದ ಉದ್ಯಮಿ ಮೈಕೆಲ್ ಬ್ಲೂಮ್‌ಬರ್ಗ್ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ 1964ರಲ್ಲಿ ಪದವಿ ಮುಗಿಸಿದ ಹೊಸತರಲ್ಲಿ ಕೊಟ್ಟ ಮೊದಲ ದೇಣಿಗೆ 5 ಡಾಲರ್. 2018ರಲ್ಲಿ ಅದೇ ವಿಶ್ವವಿದ್ಯಾಲಯದ ಬಡ ವಿದ್ಯಾರ್ಥಿಗಳ ನೆರವಿಗೆ ಅವರು ಕೊಟ್ಟದ್ದು 1.8 ಶತಕೋಟಿ ಡಾಲರ್. ಎಲ್ಲ ಐದು ಡಾಲರ್‌ಗಳೂ ಹೀಗೆ ಬೆಳೆಯುತ್ತವೆ ಎಂದಲ್ಲ. ಆದರೆ ಚಿಕ್ಕ ವಯಸ್ಸಿನಲ್ಲಿ ವರ್ಷವರ್ಷವೂ ಕೊಟ್ಟವರು ಮುಂದೆಯೂ ಕೊಡುತ್ತಾರೆ ಎಂಬುದು ಈ ಕ್ಷೇತ್ರದಲ್ಲಿ ಚೆನ್ನಾಗಿ ಗೊತ್ತಿರುವ ವಿಷಯ, ಮತ್ತು ಆ 5 ಡಾಲರ್‌ಗೂ ಒಂದು ರಸೀದಿ ಹೋಗಿದ್ದಿರಬೇಕು.

ದೊಡ್ಡ ಮೊತ್ತಗಳ ಮಾತಿಗೆ ಬಂದರೆ ದಾರಿಯೇ ಬೇರೆ. ಯಾವ ಅಭಿಯಾನದಲ್ಲಿಯೂ ಹಣದ ಬಹುಪಾಲು ಬರುವುದು ಕೈಬೆರಳೆಣಿಕೆಯ ದಾನಿಗಳಿಂದ; ಹತ್ತರಲ್ಲಿ ಒಬ್ಬ ದಾನಿಯಿಂದ ಮೊತ್ತದ ಹತ್ತರಲ್ಲಿ ಎಂಟು ಒಂಬತ್ತು ಪಾಲು ಬರುತ್ತದೆಂಬುದು ವೃತ್ತಿಯಲ್ಲಿರುವವರ ಲೆಕ್ಕ. ಆದ್ದರಿಂದ ಗುರಿ ನಿರ್ಧರಿಸುವ ಕ್ರಮ ಹೀಗೆ: ಒಟ್ಟು ನೂರು ಬೇಕೆಂದರೆ ಹದಿನೈದರಿಂದ ಇಪ್ಪತ್ತರಷ್ಟು ಕೊಡಬಲ್ಲ ಒಬ್ಬರು, ಹತ್ತರಷ್ಟು ಕೊಡಬಲ್ಲ ಇಬ್ಬರು, ಐದರಷ್ಟು ಕೊಡಬಲ್ಲ ನಾಲ್ಕೈದು ಮಂದಿ, ಹೀಗೆ ಕೆಳಗಿಳಿಯುವ ಕೋಷ್ಟಕ ಹಾಕಿ, ಪ್ರತಿ ಸ್ಥಾನಕ್ಕೂ ಮೂರು ನಾಲ್ಕು ಹೆಸರು ಬರೆಯಿರಿ. ಹೆಸರು ಬರೆಯಲಾಗದ ಸಾಲುಗಳಿದ್ದರೆ ಆ ಗುರಿ ನಿಮ್ಮದಲ್ಲ. ‘ನಲವತ್ತು ಸಾವಿರ ಜನ ತಲಾ ಒಂದು ಸಾವಿರ ಕೊಟ್ಟರೆ ನಾಲ್ಕು ಕೋಟಿ’ ಎಂಬ ಗುಣಾಕಾರ ಪ್ರತಿ ಸಭೆಯಲ್ಲಿಯೂ ಯಾರಾದರೊಬ್ಬರ ಬಾಯಲ್ಲಿ ಬರುತ್ತದೆ. ಅದು ಎಲ್ಲಿಯೂ ನಿಜವಾದದ್ದಿಲ್ಲ.

ಆ ಹೆಸರಿನವರನ್ನು ಭೇಟಿಯಾಗುವುದು ಎದುರಾಎದುರೇ. ಮೊದಲ ಭೇಟಿಯಲ್ಲಿ ಕೇಳಬೇಕಾದದ್ದು ಅವರ ಓದಿನ ದಿನಗಳ ಬಗ್ಗೆ, ಈಗ ಸಂಸ್ಥೆಯ ಬಗ್ಗೆ ಅವರಿಗಿರುವ ಅಸಮಾಧಾನಗಳ ಬಗ್ಗೆ. ಎರಡನೆಯದು ಅವರಿಗೆ ಆಸಕ್ತಿಯಿರುವ ವಿಭಾಗವನ್ನು ತೋರಿಸಲು. ಮೂರನೆಯದರಲ್ಲೋ ನಾಲ್ಕನೆಯದರಲ್ಲೋ ಕೇಳಬೇಕು, ಮೊತ್ತವನ್ನು ಹೇಳಿಯೇ ಕೇಳಬೇಕು: ‘ಪ್ರಯೋಗಾಲಯದ ನವೀಕರಣಕ್ಕೆ ಒಟ್ಟು ಇಷ್ಟು ಬೇಕು. ಅದರಲ್ಲಿ ಕಾಲು ಭಾಗವನ್ನು ಮೂರು ವರ್ಷಗಳಲ್ಲಿ ತಾವು ಕೊಡುವ ಬಗ್ಗೆ ಯೋಚಿಸಬಹುದೇ?’ ಇಷ್ಟು ಹೇಳಿ ಸುಮ್ಮನಿರಬೇಕು. ಅಧ್ಯಾಪಕರಿಗೆ ಇದು ಬಹಳ ಕಷ್ಟ. ಮೌನ ಬಂದೊಡನೆ ತುಂಬಲು ಹೊರಟು ‘ಅಷ್ಟಾಗದಿದ್ದರೆ ನಿಮ್ಮ ಅನುಕೂಲದಂತೆ’ ಎಂದುಬಿಡುತ್ತೇವೆ. ಆ ಅರ್ಧ ನಿಮಿಷ ಅವರು ಮನಸ್ಸಿನಲ್ಲಿ ಲೆಕ್ಕ ಹಾಕುತ್ತಿರುತ್ತಾರೆ. ಹಾಕಲು ಬಿಡಿ. ಗುರಿಯ ಅರ್ಧದಷ್ಟಾದರೂ ಹೀಗೆ ವಾಗ್ದಾನವಾಗುವವರೆಗೆ ಅಭಿಯಾನವನ್ನು ಬಹಿರಂಗವಾಗಿ ಘೋಷಿಸಬೇಡಿ.

ಬಂದ ಹಣದ ಸ್ವರೂಪವನ್ನು ಕುರಿತು ಒಂದೆರಡು ಎಚ್ಚರಿಕೆಗಳಿವೆ. ದತ್ತಿನಿಧಿಯೆಂದರೆ ಮೂಲಧನ ಮುಟ್ಟದೆ ವರ್ಷಕ್ಕೆ ಶೇ. 4ರಿಂದ 5ರಷ್ಟನ್ನು ಮಾತ್ರ ಬಳಸುವುದು. ಉಳಿದ ಆದಾಯ ಹಣದುಬ್ಬರವನ್ನು ಎದುರಿಸಲು ಮೂಲಕ್ಕೇ ಸೇರಬೇಕು. ವರ್ಷಕ್ಕೆ 1 ಲಕ್ಷದ ಶಿಷ್ಯವೇತನ ಎಂದೆಂದಿಗೂ ನಡೆಯಬೇಕಾದರೆ ಶೇ. 4ರ ಲೆಕ್ಕದಲ್ಲಿ 25 ಲಕ್ಷ ಬೇಕು. 5 ಲಕ್ಷ ಪಡೆದು 1 ಲಕ್ಷದ ಭರವಸೆ ಕೊಡುವವರೇ ಮುಂದೆ ಲೇಪದ ಪದಕ ಕೊಡುವವರು. ಬಳಸುವ ಮೊತ್ತವನ್ನು ಒಂದು ವರ್ಷದ ಮೌಲ್ಯದ ಮೇಲಲ್ಲ, ಮೂರು ವರ್ಷಗಳ ಸರಾಸರಿಯ ಮೇಲೆ ನಿಗದಿಪಡಿಸಿ. 2009ರ ಜೂನ್‌ಗೆ ಕೊನೆಗೊಂಡ ಒಂದೇ ವರ್ಷದಲ್ಲಿ ಹಾರ್ವರ್ಡ್‌ನ ದತ್ತಿನಿಧಿಯ ಹೂಡಿಕೆ ಶೇ. 27ರಷ್ಟು ನಷ್ಟ ಕಂಡು, ಶುರುವಾಗಿದ್ದ ಕಟ್ಟಡದ ಕೆಲಸ ನಿಲ್ಲಿಸಬೇಕಾಯಿತು. ಕಟ್ಟಡದ ಮಾತು ಬಂತು: ದಾನಿಗಳಿಗೆ ಕಟ್ಟಡವೆಂದರೆ ಪ್ರೀತಿ, ಅದರ ವಿದ್ಯುತ್ ಬಿಲ್ಲಿನ ಮೇಲೆ ಯಾರ ಹೆಸರೂ ಇರುವುದಿಲ್ಲ. ನಿರ್ವಹಣೆಗೆಂದು ಒಂದು ಭಾಗವನ್ನು ದೇಣಿಗೆಯಲ್ಲಿಯೇ ಸೇರಿಸಿ ಕೇಳಿ.

ಷರತ್ತುಬದ್ಧ ದೇಣಿಗೆಯ ಒಡಂಬಡಿಕೆಯನ್ನು ವಕೀಲರ ಕೈಯಲ್ಲಿ ಓದಿಸಿಯೇ ಸಹಿ ಮಾಡಿ. 1961ರಲ್ಲಿ ರಾಬರ್ಟ್‌ಸನ್ ದಂಪತಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಕ್ಕೆ, ಸರ್ಕಾರಿ ಸೇವೆಗೆ ಹೋಗುವ ಸ್ನಾತಕೋತ್ತರ ವಿದ್ಯಾರ್ಥಿಗಳ ತರಬೇತಿಗೆಂದು, 3.5 ಕೋಟಿ ಡಾಲರ್ ಕೊಟ್ಟರು. ಹಣ ಆ ಉದ್ದೇಶಕ್ಕೆ ಬಳಕೆಯಾಗುತ್ತಿಲ್ಲವೆಂದು 2002ರಲ್ಲಿ ಅವರ ಮಕ್ಕಳು ನ್ಯಾಯಾಲಯಕ್ಕೆ ಹೋದರು. 2008ರ ಕೊನೆಯಲ್ಲಿ ರಾಜಿಯಾಗುವಾಗ ಕುಟುಂಬದ ವಕೀಲರ ಶುಲ್ಕವೂ ಹೊಸ ಪ್ರತಿಷ್ಠಾನಕ್ಕೆ ಕೊಟ್ಟದ್ದೂ ಸೇರಿ ಸುಮಾರು 9 ಕೋಟಿ ಡಾಲರ್ ಆ ನಿಧಿಯಿಂದ ಹೊರಹೋಗಬೇಕಾಯಿತು. ಯೇಲ್ ವಿಶ್ವವಿದ್ಯಾಲಯ ತನ್ನದೇ ಹಳೆಯ ವಿದ್ಯಾರ್ಥಿ ಲೀ ಬ್ಯಾಸ್ 1991ರಲ್ಲಿ ಪಾಶ್ಚಾತ್ಯ ನಾಗರಿಕತೆಯ ಅಧ್ಯಯನಕ್ಕೆ ಕೊಟ್ಟಿದ್ದ 2 ಕೋಟಿ ಡಾಲರ್‌ಗಳನ್ನು 1995ರಲ್ಲಿ ಹಿಂದಿರುಗಿಸಿತು; ವರ್ಷಗಳು ಕಳೆದರೂ ಕಾರ್ಯಕ್ರಮ ಆರಂಭವಾಗಿರಲಿಲ್ಲ, ದಾನಿ ಅಧ್ಯಾಪಕರ ನೇಮಕದಲ್ಲಿ ತಮ್ಮ ಮಾತು ನಡೆಯಬೇಕೆಂದರು. ನೇಮಕ, ಪ್ರವೇಶ, ಪಠ್ಯ, ಸಂಶೋಧನೆಯ ಫಲಿತಾಂಶ ಈ ನಾಲ್ಕರಲ್ಲಿ ದಾನಿಗೆ ಯಾವ ಅಧಿಕಾರವೂ ಇಲ್ಲವೆಂದು ಒಡಂಬಡಿಕೆಯಲ್ಲಿ ಸ್ಪಷ್ಟವಾಗಿ ಬರೆಯಿರಿ. ಮೂಲ ಉದ್ದೇಶ ಮುಂದೆ ಅಸಾಧ್ಯವಾದರೆ ಹತ್ತಿರದ ಉದ್ದೇಶಕ್ಕೆ ಬಳಸಬಹುದೆಂಬ ಕಲಮೂ ಇರಲಿ.

ಬೇಡವೆನ್ನಬೇಕಾದ ಹಣವೂ ಬರುತ್ತದೆ. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಿಂದ 2008ರಲ್ಲಿ ಡಾಕ್ಟರೇಟ್ ಪಡೆದ ಲಿಬಿಯಾದ ಅಂದಿನ ಸರ್ವಾಧಿಕಾರಿಯ ಮಗ ಸೈಫ್ ಅಲ್-ಇಸ್ಲಾಂ ಗಡಾಫಿ ನಡೆಸುತ್ತಿದ್ದ ಪ್ರತಿಷ್ಠಾನದಿಂದ ಆ ಸಂಸ್ಥೆ ಮರುವರ್ಷ 15 ಲಕ್ಷ ಪೌಂಡ್‌ಗಳ ವಾಗ್ದಾನ ಸ್ವೀಕರಿಸಿತು. 2011ರ ಮಾರ್ಚಿನಲ್ಲಿ ಲಿಬಿಯಾ ಹೊತ್ತಿ ಉರಿಯುವಾಗ ನಿರ್ದೇಶಕ ಹೊವಾರ್ಡ್ ಡೇವಿಸ್ ರಾಜೀನಾಮೆ ಕೊಡಬೇಕಾಯಿತು. ಕೈಗೆ ಬಂದದ್ದು 3 ಲಕ್ಷ ಪೌಂಡ್ ಮಾತ್ರ. ದೊಡ್ಡ ಮೊತ್ತವೊಂದನ್ನು ಒಪ್ಪುವ ನಿರ್ಧಾರ ಹಣ ತಂದವರ ಕೈಯಲ್ಲಿ ಇರಬಾರದು. ಅದಕ್ಕೆ ಅಧ್ಯಾಪಕರನ್ನೂ ಒಳಗೊಂಡ ಬೇರೆ ಸಮಿತಿ ಬೇಕು, ಮತ್ತು ಆ ಸಮಿತಿ ಮೊದಲ ದಾನಿ ಬಾಗಿಲು ತಟ್ಟುವ ಮುನ್ನವೇ ರಚನೆಯಾಗಿರಬೇಕು. ವಿದೇಶದಿಂದ ಬರುವ ಹಣಕ್ಕೂ ತೆರಿಗೆ ವಿನಾಯಿತಿಗೂ ಒಂದೊಂದು ದೇಶದಲ್ಲಿ ಒಂದೊಂದು ಕಾನೂನಿದೆ. ಅದನ್ನು ನಿಮ್ಮ ಲೆಕ್ಕಪರಿಶೋಧಕರಿಂದ ತಿಳಿದುಕೊಳ್ಳಿ.

ಸರಿಸಮ ಕೊಡುಗೆಯ ಯೋಜನೆಗಳ ಬಗ್ಗೆ, ಅಂದರೆ ನೀವು ಕೊಟ್ಟಷ್ಟನ್ನು ಇನ್ನೊಬ್ಬ ದಾನಿ ಸೇರಿಸುತ್ತಾರೆ ಎಂಬುದರ ಬಗ್ಗೆ, ಹೇಳುವುದು ಸ್ವಲ್ಪವೇ. ಅರ್ಥಶಾಸ್ತ್ರಜ್ಞರಾದ ಡೀನ್ ಕಾರ್ಲನ್ ಮತ್ತು ಜಾನ್ ಲಿಸ್ಟ್ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇದರಿಂದ ಕೊಡುವವರ ಪ್ರಮಾಣ ಶೇ. 22ರಷ್ಟು ಹೆಚ್ಚಿತು, ಆದರೆ ಒಂದಕ್ಕೆ ಎರಡು, ಒಂದಕ್ಕೆ ಮೂರು ಎಂದು ಏರಿಸಿದ್ದರಿಂದ ಹೆಚ್ಚಿನ ಲಾಭವೇನೂ ಆಗಲಿಲ್ಲ. ಇಂಗ್ಲೆಂಡಿನಲ್ಲಿ 2008ರಿಂದ 2011ರವರೆಗೆ ಸರ್ಕಾರವೇ ವಿಶ್ವವಿದ್ಯಾಲಯಗಳಿಗೆ ಬಂದ ದೇಣಿಗೆಗೆ ಸರಿಗೂಡಿಸಲು 20 ಕೋಟಿ ಪೌಂಡ್ ತೆಗೆದಿರಿಸಿತ್ತು. ನಿಮ್ಮಲ್ಲಿ ದೊಡ್ಡ ದಾನಿಯೊಬ್ಬರು ಸಿಕ್ಕರೆ ಅವರ ಹಣದ ಒಂದು ಭಾಗವನ್ನು ಹೀಗೆ ಬಳಸಲು ಒಪ್ಪಿಸಿ.

ಕುಲಪತಿಗಳಿಗೆ ಕೊಡುವ ವರದಿಯಲ್ಲಿ ಯಾವ ಅಂಕಿಗಳಿರಬೇಕು? ಕೊಟ್ಟವರ ಶೇಕಡಾವಾರು ಪ್ರಮಾಣವನ್ನೇ ಪ್ರತಿಷ್ಠೆಯಾಗಿಸಬೇಡಿ. ಅಮೆರಿಕದ ಪ್ರಸಿದ್ಧ ರ್‍ಯಾಂಕಿಂಗ್ ಒಂದರಲ್ಲಿ ಅದಕ್ಕೆ ಅಂಕವಿದ್ದ ಕಾಲಕ್ಕೆ, ಒಂದೇ ದೇಣಿಗೆಯನ್ನು ಹಲವು ವರ್ಷಗಳಿಗೆ ಹಂಚಿ ಬರೆದುಕೊಂಡ ಕಾಲೇಜುಗಳೂ ಇದ್ದವು. 2023ರಲ್ಲಿ ಆ ಅಂಕವನ್ನೇ ಕೈಬಿಟ್ಟರು. ಕಳೆದ ವರ್ಷ ಕೊಟ್ಟವರಲ್ಲಿ ಈ ವರ್ಷ ಮತ್ತೆ ಕೊಟ್ಟವರು ಎಷ್ಟು, ಪರಿಶೀಲಿಸಿದ ವಿಳಾಸಗಳು ಎಷ್ಟು, ದತ್ತಿಗಳಲ್ಲಿ ಎಷ್ಟಕ್ಕೆ ಲೆಕ್ಕದ ಪತ್ರ ಹೋಯಿತು, ದೃಢೀಕೃತ ಪ್ರತಿ ಕೊಡಲು ಸರಾಸರಿ ಎಷ್ಟು ದಿನವಾಯಿತು ಎಂಬ ನಾಲ್ಕು ಅಂಕಿಗಳನ್ನು ಪ್ರತಿ ಮೂರು ತಿಂಗಳಿಗೆ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟ್ ಮುಂದಿಡಿ. ಸುವರ್ಣ ಮಹೋತ್ಸವದ ವರ್ಷವನ್ನು ಸಂಗ್ರಹದ ಕೊನೆಯ ದಿನಾಂಕವೆಂದು ಘೋಷಿಸದೆ, ಐದು ವರ್ಷದ ಕೆಲಸದ ಎರಡನೆಯ ವರ್ಷವೆಂದು ಅವರನ್ನು ಒಪ್ಪಿಸಲು ಯತ್ನಿಸಿ.

ಶೇಕಡಾವಾರು ಪಾಲು ಕೇಳುವ ಸಂಸ್ಥೆಯನ್ನು ಒಪ್ಪಬೇಡಿ. ಅಸೋಸಿಯೇಶನ್ ಆಫ್ ಫಂಡ್‌ರೈಸಿಂಗ್ ಪ್ರೊಫೆಶನಲ್ಸ್ ಎಂಬ ವೃತ್ತಿಪರರ ಸಂಘವೇ ತನ್ನ ನೀತಿಸಂಹಿತೆಯಲ್ಲಿ ಇದನ್ನು ನಿಷೇಧಿಸಿದೆ, ಕಾರಣವೂ ಸ್ಪಷ್ಟ: ಪಾಲಿಗಾಗಿ ದುಡಿಯುವವರಿಗೆ ಇಂದೇ ಬರುವ ಚಿಕ್ಕ ಮೊತ್ತ ಮುಖ್ಯ, ಐದು ವರ್ಷದ ನಂತರ ಬರಬಹುದಾದ ದೊಡ್ಡದಲ್ಲ, ತಾನು ಕೊಟ್ಟದ್ದರಲ್ಲಿ ಒಂದು ಭಾಗ ಮಧ್ಯವರ್ತಿಯ ಜೇಬಿಗೆ ಹೋಯಿತೆಂದು ತಿಳಿದ ದಾನಿ ಮರಳಿ ಬರುವುದಿಲ್ಲ. ಸಲಹೆಗಾರರು ಬೇಕೇ ಬೇಕೆಂದಿದ್ದರೆ ನಿಗದಿತ ಶುಲ್ಕಕ್ಕೆ, ಸಿಬ್ಬಂದಿಯ ತರಬೇತಿಗೆ ಮತ್ತು ಮೇಲೆ ಹೇಳಿದ ಕೋಷ್ಟಕದ ಹೆಸರುಗಳನ್ನು ಪರೀಕ್ಷಿಸುವುದಕ್ಕೆ ಮಾತ್ರ ನೇಮಿಸಿಕೊಳ್ಳಿ. ಸಂಗ್ರಹಿಸಿದ ಸಂಪರ್ಕ ವಿವರಗಳೆಲ್ಲ ವಿಶ್ವವಿದ್ಯಾಲಯದ ಸ್ವತ್ತು, ಒಪ್ಪಂದ ಮುಗಿದ ದಿನ ಪ್ರತಿ ಉಳಿಸಿಕೊಳ್ಳದೆ ಒಪ್ಪಿಸಬೇಕು ಎಂಬ ಸಾಲು ಒಪ್ಪಂದದಲ್ಲಿ ಇದೆಯೇ ಎಂದು ಸಹಿಗೆ ಮೊದಲು ನೋಡಿಕೊಳ್ಳಿ.